ಅವ್ವನ ಮುಂಗಡ ಸ್ತೋತ್ರ

ನಮ್ಮ ಅವ್ವನಿಗೆ ದೇವರ ಮೇಲೆ ವಿಶ್ವಾಸ ಹೆಚ್ಚು, ಕ್ಯಾಲೆಂಡರಿನ ಮೇಲೆ ಕಡಿಮೆ. ಮುಂದೆ ಎಂದೋ ಆಗಬೇಕಾದ ಕೆಲಸಕ್ಕೆ ಅವಳು ಇಂದೇ ದೇವರಿಗೆ ಸ್ತೋತ್ರ ಹೇಳಿ ಮುಗಿಸಿರುತ್ತಾಳೆ. ಮನೆಯೊಳಗೆ ಹೇಳಿಕೊಂಡಿದ್ದರೆ ಯಾರದೂ ತಕರಾರಿರಲಿಲ್ಲ. ಆದರೆ ಅವಳು ಹೇಳುವುದು ಬೀದರಿನ ನಮ್ಮ ಚರ್ಚಿನಲ್ಲಿ, ಭಾನುವಾರದ ಆರಾಧನೆಯಲ್ಲಿ, ಎದ್ದು ನಿಂತು, ಸೆರಗು ತಲೆಯ ಮೇಲೆ ಎಳೆದುಕೊಂಡು, ಕೊನೆಯ ಬೆಂಚಿನವರಿಗೂ ಕೇಳುವ ಹಾಗೆ.

ನಮ್ಮಲ್ಲಿ ಇದಕ್ಕೆ ಸಾಕ್ಷಿ ಹೇಳುವುದು ಎನ್ನುತ್ತಾರೆ. ದೇವರು ನನಗೆ ಇಂಥ ಉಪಕಾರ ಮಾಡಿದ ಎಂದು ಸಭೆಯ ಮುಂದೆ ಹೇಳಬೇಕು, ಎಲ್ಲರೂ ಆಮೆನ್ ಅನ್ನಬೇಕು, ಮುಂದಿನ ಭಾನುವಾರ ಹೇಳಿದವರು ಸಿಹಿ ಹಂಚಬೇಕು. ಉಳಿದವರು ಜ್ವರ ಬಿಟ್ಟ ಮೇಲೆ, ಮಗಳು ಪಾಸಾದ ಮೇಲೆ ಹೇಳುತ್ತಾರೆ. ಅವ್ವ ನನ್ನ ಮದುವೆಗೆ ಸಾಕ್ಷಿ ಹೇಳಿದಾಗ ಹೆಣ್ಣೇ ಗೊತ್ತಾಗಿರಲಿಲ್ಲ. ಆರಾಧನೆ ಮುಗಿಸಿ ಹೊರಬಂದವರೆಲ್ಲ ನನ್ನ ಕೈ ಕುಲುಕಿ, ಹುಡುಗಿ ಯಾವ ಊರಿನವಳು ಎಂದು ಕೇಳಿದರು. ನನಗೂ ಗೊತ್ತಿಲ್ಲ ಎಂದೆ. ನಾಚಿಕೆಗೆ ಹಾಗೆ ಹೇಳುತ್ತಿದ್ದೇನೆಂದು ಅವರು ನಕ್ಕರು. ಹುಡುಗಿ ಸಿಗಲು ಮತ್ತೆ ಎರಡು ವರ್ಷ ಹಿಡಿಯಿತು. ಅದು ದೇವರ ಕಡೆಯಿಂದ ಆದ ತಡವೇ ಹೊರತು ತನ್ನ ಅವಸರವಲ್ಲ ಎಂಬುದು ಅವ್ವನ ಇಂದಿನವರೆಗಿನ ವಾದ.

"ಕೂಸು ಹುಟ್ಟೋಕ್ಕಿಂತ ಮೊದಲ ಕುಲಾವಿ ಹೊಲೀಬ್ಯಾಡ ಅವ್ವಾ" ಎಂದು ನಾನು ಹೇಳಿ ನೋಡಿದ್ದೇನೆ.

"ಸಿಕ್ಕ ಮ್ಯಾಲ ಸ್ತೋತ್ರ ಹೇಳೋದು ಯಾಪಾರ ಆಗ್ತದ. ಸಿಗೋಕ್ಕಿಂತ ಮೊದಲ ಹೇಳಿದ್ರ ಅದಕ್ಕ ವಿಶ್ವಾಸ ಅಂತಾರ. ಮಾಸ್ತರ ಆಗಿ ಇಷ್ಟೂ ತಿಳಿವಲ್ದು ನಿನಗ?" ಎಂದು ಅವಳ ಉತ್ತರ.

ಈ ಸಲದ ಬೇಸಿಗೆ ಮುಗಿಯುವ ಹೊತ್ತಿಗೆ ಅವಳು ಕೈ ಹಾಕಿದ್ದು ನನ್ನ ವರ್ಗಾವಣೆಗೆ.

ನಾನು ಔರಾದ ತಾಲ್ಲೂಕಿನಲ್ಲಿ, ಎಕಂಬಾ ಹತ್ತಿರದ ಒಂದು ಸಣ್ಣ ಊರಿನ ಸರಕಾರಿ ಪ್ರಾಥಮಿಕ ಶಾಲೆಯ ಮಾಸ್ತರ. ಒಬ್ಬನೇ ಮಾಸ್ತರ. ಹನ್ನೊಂದು ವರ್ಷದಿಂದ ಬೀದರಿನಿಂದ ಔರಾದಿಗೆ ಬಸ್ಸು, ಅಲ್ಲಿಂದ ಟಂಟಂ ಆಟೋ, ಕೊನೆಗೆ ಕಾಲುನಡಿಗೆ. ನನ್ನ ಹೆಂಡತಿ ಮೂರು ವರ್ಷದಿಂದ ಭಾಲ್ಕಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಬೆಳಿಗ್ಗೆ ರೈಲಿನಲ್ಲಿ ಅವಳಿಗೆ ಸೀಟು ಸಿಗುತ್ತದೆ. ದಿನವಿಡೀ ವಾರ್ಡಿನಲ್ಲಿ ನಿಂತು, ಸಂಜೆ ರೈಲಿನಲ್ಲೂ ನಿಂತೇ ಬರುತ್ತಾಳೆ. ಮನೆಗೆ ಬಂದವಳೇ ಚಾಪೆ ಹಾಸಿ, ಊದಿದ ಕಾಲನ್ನು ಗೋಡೆಗೆ ಎತ್ತರಿಸಿ ಇಟ್ಟು ಅರ್ಧ ಗಂಟೆ ಮಲಗುತ್ತಾಳೆ. ಆ ಅರ್ಧ ಗಂಟೆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

ಈ ವರ್ಷದ ಖಾಲಿ ಹುದ್ದೆಗಳ ಪಟ್ಟಿಯಲ್ಲಿ ಭಾಲ್ಕಿ ಪಟ್ಟಣದ ಒಂದು ಶಾಲೆ ಇತ್ತು. ಅದೊಂದು ಸಿಕ್ಕರೆ ಭಾಲ್ಕಿಯಲ್ಲೇ ಮನೆ ಮಾಡಬಹುದು, ಅವಳು ನಡೆದುಕೊಂಡು ಆಸ್ಪತ್ರೆಗೆ, ನಾನು ನಡೆದುಕೊಂಡು ಶಾಲೆಗೆ. ಕೌನ್ಸೆಲಿಂಗ್ ಶುಕ್ರವಾರ ಎಂದು ಗೊತ್ತಾಯಿತು. ಅದರ ಹಿಂದಿನ ಭಾನುವಾರವೇ ಅವ್ವ ಎದ್ದು ನಿಂತಳು. "ನನ್ನ ಮಗಗ ಭಾಲ್ಕಿಗಿ ಬದ್ಲಿ ಮಾಡಿಕೊಟ್ಟಿದ್ದಕ್ಕ ದೇವರಿಗಿ ಸ್ತೋತ್ರ" ಎಂದಳು. ಸಭೆ ಆಮೆನ್ ಎಂದಿತು. ನನ್ನ ಹೆಂಡತಿಯೂ ಆಮೆನ್ ಎಂದಳು, ಕಣ್ಣು ಮುಚ್ಚಿಕೊಂಡು. ನಾನು ಕೀರ್ತನೆ ಪುಸ್ತಕದಲ್ಲಿ ಇಲ್ಲದ ಪುಟ ಹುಡುಕುತ್ತಿದ್ದೆ.

ಸೋಮವಾರ ಲಡ್ಡುವಿಗೆ ಶೇಂಗಾ, ಬೆಲ್ಲ ತರಲು ಅವ್ವನೊಂದಿಗೆ ಗಾಂಧಿ ಗಂಜ್ ಮಾರುಕಟ್ಟೆಗೆ ಹೋದೆ. ಕೈಗಾಡಿಗಳ ನಡುವೆ ಸಂದು ಮಾಡಿಕೊಂಡು ಹೋಗುವಾಗ ಒಂದು ಅಡತಿ ಅಂಗಡಿಯ ಕಟ್ಟೆಯ ಮೇಲೆ ನಮ್ಮ ಶಾಲೆಯ ಸಮಿತಿಯ ಅಧ್ಯಕ್ಷರು ಕೂತಿದ್ದರು. ಅವರು ಊರಿನ ಬೌದ್ಧ ಮನೆತನದವರು, ಬಿ.ಎ. ಓದಿ ಹೊಲ ನೋಡಿಕೊಂಡಿರುವವರು, ಶಾಲೆಯ ಹಂಚು ಜಾರಿದರೂ ನನಗಿಂತ ಮೊದಲು ಏಣಿ ಹತ್ತುವವರು. ಕಡಲೆ ಮಾರಲು ಬಂದಿದ್ದರು. ಎದ್ದು ಬಂದು ಅವ್ವನಿಗೆ ಕೈ ಮುಗಿದರು.

ಅವ್ವ ಕುಶಲ ಕೇಳುವ ಮೊದಲೇ, "ನಮ್ಮ ಮಗಗ ಭಾಲ್ಕಿಗಿ ಆಯ್ತ್ರಿ" ಎಂದಳು.

ಅಧ್ಯಕ್ಷರ ಮುಖ ಒಂದು ಕ್ಷಣ ಇಳಿದು, ಮತ್ತೆ ಸರಿಯಾಯಿತು. "ಛಲೋ ಆಯ್ತ್ ಬಿಡ್ರಿ ಸರ್. ಹನ್ನೊಂದು ವರ್ಷ ತಕಲೀಫ್ ತಗೊಂಡೀರಿ" ಎಂದು ನನ್ನ ಕೈ ಹಿಡಿದುಕೊಂಡರು.

ಆಗಲೇ ನಿಜ ಹೇಳಿಬಿಡಬಹುದಿತ್ತು. ಆದರೆ ಪಕ್ಕದಲ್ಲಿ ಅವ್ವ ನಿಂತಿದ್ದಳು, ನಡುಗಂಜಿನಲ್ಲಿ ಹೆತ್ತವಳನ್ನು ಸುಳ್ಳಿ ಅನ್ನಿಸುವುದು ಹೇಗೆ? "ಇನ್ನಾ ಆರ್ಡರ್ ಕೈಗಿ ಬಂದಿಲ್ಲರಿ" ಎಂದು ಗೊಣಗಿದೆ. "ಬರ್ತದ ತಗೋರಿ, ಎಲ್ಲಿ ಹೋಗ್ತದ" ಎಂದರು. ಅಷ್ಟರಲ್ಲಿ ಹಮಾಲನೊಬ್ಬ ಚೀಲ ಹೊತ್ತು "ಬಾಜೂ, ಬಾಜೂ" ಎನ್ನುತ್ತ ನಮ್ಮ ನಡುವೆ ನುಗ್ಗಿದ. ಅವ್ವ ಹೇಳಿದ್ದು ವಿಶ್ವಾಸದ ಮಾತು. ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ಆ ನೆವವೂ ಇರಲಿಲ್ಲ.

ಬುಧವಾರ, ಮೊದಲೇ ತಿಳಿಸಿದ್ದಂತೆ, ಶಾಲೆ ಗುಡಿಸಿ ತೊಳೆಸಲು ಊರಿಗೆ ಹೋದೆ. ಸೋಮವಾರ ಶಾಲೆ ಶುರುವಾಗಬೇಕಿತ್ತು. ಟಂಟಂ ಇಳಿದು ನಡೆಯುತ್ತಿದ್ದಾಗ ದೂರದಿಂದ ಮೈಕಿನಲ್ಲಿ ಹಲೋ ಹಲೋ ಎನ್ನುವುದು ಕೇಳಿತು. ಯಾರದೋ ಮದುವೆ ಇರಬೇಕು, ಊಟ ಸಿಗುತ್ತದೆ ಎಂದು ಹಿಗ್ಗಿದೆ. ಹತ್ತಿರ ಹೋದರೆ ಪೆಂಡಾಲು ನನ್ನ ಶಾಲೆಯ ಮುಂದೆಯೇ ಇತ್ತು. ಮೈಕನ್ನು ಪಕ್ಕದ ಊರು ಡಾಬಕಾದಿಂದ ತರಿಸಿದ್ದರು. ಕರಿ ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬೀಳ್ಕೊಡುಗೆ ಸಮಾರಂಭ ಎಂದು ಬರೆದು, ಸುತ್ತ ಕಮಲದ ಹೂವು ಬಿಡಿಸಿದ್ದರು. ಅಷ್ಟು ಚೆಂದದ ಅಕ್ಷರ ಹನ್ನೊಂದು ವರ್ಷದಲ್ಲಿ ನಾನೂ ಬರೆದಿರಲಿಲ್ಲ.

ನನ್ನನ್ನು ಹಿಡಿದು ಕುರ್ಚಿಯ ಮೇಲೆ ಕೂಡಿಸಿದರು. ಒಬ್ಬೊಬ್ಬರೇ ಬಂದು ನನ್ನ ಗುಣಗಾನ ಮಾಡಿದರು. ಇಂಥ ಮಾತುಗಳನ್ನು ಸಾಮಾನ್ಯವಾಗಿ ಮನುಷ್ಯ ಸತ್ತ ಮೇಲೆ ಆಡುತ್ತಾರೆ, ಕೇಳುವ ಸುಖ ಅವನಿಗಿರುವುದಿಲ್ಲ. ನನಗೆ ಆ ಸುಖ ಸಿಕ್ಕಿತು, ಆದರೆ ಕೂತ ಕುರ್ಚಿ ಮುಳ್ಳಾಗಿತ್ತು. ಬಿಸಿಯೂಟದ ಅಡುಗೆಯ ಹೆಣ್ಣುಮಗಳು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ ಕಂಬಕ್ಕೆ ಆತು ನಿಂತಿದ್ದಳು. ಅವಳದು ಕುರಿ ಸಾಕುವ ಮನೆ. ಮಗ ಸೊಸೆ ಕುರಿ ಹಿಂಡಿನ ಹಿಂದೆ ಊರೂರು ತಿರುಗುತ್ತಾರೆ. ಮೂರನೆಯ ತರಗತಿಯ ಮೊಮ್ಮಗಳು ಮಾತ್ರ ಅವಳ ಬಳಿ ಇದ್ದು ಶಾಲೆಗೆ ಬರುತ್ತಾಳೆ.

ಅಧ್ಯಕ್ಷರು ಶಾಲು ಹೊದಿಸಿದರು. ಆಮೇಲೆ ಅಡುಗೆಯವಳ ಗಂಡ ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು ಒಂದು ದೊಡ್ಡ ಫೋಟೋ ಹಿಡಿದು ಬಂದ. ಕ್ರೈಸ್ತ ಮಾಸ್ತರಿಗೆ ಯಾವ ಫೋಟೋ ಕೊಡಬೇಕೆಂದು ಊರಲ್ಲಿ ಒಂದು ಸಂಜೆ ಚರ್ಚೆ ನಡೆದು, ಕೊನೆಗೆ ಆಯ್ಕೆಯ ಹೊಣೆ ಇವನ ಮೇಲೆ ಬಿದ್ದಿತ್ತಂತೆ. ಮಂಗಳವಾರವೇ ಬೀದರಿಗೆ ಹೋಗಿ ಅಂಗಡಿಯಲ್ಲಿದ್ದ ಯೇಸುವಿನ ಚಿತ್ರಗಳನ್ನೆಲ್ಲ ಇಳಿಸಿ ನೋಡಿ, ಕುರಿಮರಿಯನ್ನು ಹೆಗಲ ಮೇಲೆ ಹೊತ್ತಿರುವುದನ್ನೇ ಆರಿಸಿ ತಂದಿದ್ದ.

"ಉಳಿದವು ಭೀ ಛಲೋ ಇದ್ದವ್ರಿ. ಖರೆ ಇಂವ ಕುರಿ ಕಾಯಾಂವ ಇದ್ದಾನ, ನಮ್ಮಾಂವ. ಮರಿ ಹಿಡಿಯೋದು ಗೊತ್ತದ ಇಂವಗ, ನೋಡ್ರಿ, ನಾಕೂ ಕಾಲು ಒಂದೇ ಕೈಯಾಗ ಹಿಡದಾನ" ಎಂದು ಮೈಕಿನಲ್ಲೇ ವಿವರಿಸಿದ. ಸಣ್ಣಂದಿನಿಂದ ಆ ಚಿತ್ರ ನೋಡಿದ್ದೇನೆ, ಅದರ ಮೇಲೆ ಚರ್ಚಿನಲ್ಲಿ ನೂರು ಉಪದೇಶ ಕೇಳಿದ್ದೇನೆ. ಯಾವ ಸಭಾಪಾಲಕರೂ ಕೈಯ ಹಿಡಿತ ನೋಡಿರಲಿಲ್ಲ.

ನನ್ನ ಸರದಿ ಬಂತು. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವನ ಸ್ಥಿತಿ ನನ್ನದು. ಧೈರ್ಯ ಮಾಡಿ ಹೇಳಿದೆ: "ಕೌನ್ಸೆಲಿಂಗ್ ಶುಕ್ರವಾರ ಅದ. ಆಗ್ಬಹುದು, ಆಗದೇನೂ ಇರಬಹುದು. ಇನ್ನಾ ಏನೂ ಆಗಿಲ್ಲ." ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಮೈಕು ತೆಗೆದುಕೊಂಡು, "ನೋಡ್ರಿ, ಇಷ್ಟು ದೊಡ್ಡ ಮನಶ್ಯಾ ಇದ್ರೂ ಎಷ್ಟು ವಿನಯ ಅದ" ಎಂದರು. ಅಲ್ಲಿಗೆ ನಾನು ಕೈಚೆಲ್ಲಿದೆ. ಶಾಲು ಹೊದ್ದು, ಫೋಟೋ ಬಗಲಲ್ಲಿ ಇಟ್ಟುಕೊಂಡು ಟಂಟಂ ಹತ್ತಿದಾಗ ಮೊಮ್ಮಗಳು ಅಜ್ಜಿಯ ಸೆರಗಿನ ಹಿಂದಿನಿಂದ ಕೈ ಬೀಸಿದಳು.

ಶುಕ್ರವಾರ ಬೆಳಿಗ್ಗೆಯಿಂದ ಬೀದರಿನ ಒಂದು ಸಭಾಂಗಣದಲ್ಲಿ ಕೂತೆ. ಮುಂದೆ ಪರದೆ, ಪರದೆಯ ಮೇಲೆ ಖಾಲಿ ಶಾಲೆಗಳ ಸಾಲು, ಅದರಲ್ಲಿ ಭಾಲ್ಕಿ. ನಂಬರು ಕರೆದವರು ಹೋಗಿ ಬೇಕಾದ ಶಾಲೆ ಆರಿಸುತ್ತಿದ್ದರು. ನನ್ನ ಹಿಂದಿನ ದಿನಗಳ ಪ್ರಾರ್ಥನೆಯಲ್ಲಿ ದೇವರಿಗೆ ನಾನು ಏನು ಹೇಳಿದ್ದೆನೋ ಅದನ್ನೇ ಹೇಳಲು ಕಣ್ಣು ಮುಚ್ಚಿದೆ. ಕುರಿಮರಿಯ ನಾಲ್ಕು ಕಾಲು ಕಂಡವು. ಕಣ್ಣು ಬಿಟ್ಟೆ. ನನಗಿಂತ ಒಂದೇ ನಂಬರು ಮುಂದಿದ್ದ ಶಿಕ್ಷಕಿ ಭಾಲ್ಕಿಯನ್ನು ಆರಿಸಿದರು. ಸಾಲು ಅಳಿಸಿಹೋಯಿತು. ಆಕೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತರು. ಅವರ ಮನೆಯಲ್ಲಿ ಯಾರು ಎಷ್ಟು ಲಡ್ಡು ಕಟ್ಟಿದ್ದರೋ.

ಉಳಿದ ಶಾಲೆಗಳೆಲ್ಲ ನನ್ನದಕ್ಕಿಂತ ದೂರದವು. ಬೇಡವೆಂದು ಸಹಿ ಮಾಡಿ ಹೊರಬಂದೆ. ಮೊದಲ ಮೂರು ಮೆಟ್ಟಿಲು ಇಳಿಯುವವರೆಗೆ ಮೈ ಹಗುರಾಗಿತ್ತು, ಇದನ್ನು ಮುಚ್ಚಿಡುವುದಿಲ್ಲ. ಸೋಮವಾರ ಅದೇ ಮಕ್ಕಳು, ಅದೇ ಹಲಗೆ ಎಂದು ಖುಷಿಯಾಯಿತು. ನಾಲ್ಕನೆಯ ಮೆಟ್ಟಿಲಲ್ಲಿ ಹೆಂಡತಿಯ ಕಾಲು ನೆನಪಾಗಿ ಅಲ್ಲೇ ಕೂತುಬಿಟ್ಟೆ.

ಸಂಜೆ ಅವಳು ಬಂದಾಗ ಸಿಗಲಿಲ್ಲ ಎಂದೆ. ಅವಳು ನನ್ನ ಮುಖ ನೋಡಿದಳು. "ನಿಮಗ ಭಾಳ ಬ್ಯಾಸರ ಆದಂಗ ಕಾಣವಲ್ದುರಿ" ಎಂದಳು. ಅಷ್ಟೇ ಹೇಳಿ ಚಾಪೆ ಹಾಸಿ ಕಾಲನ್ನು ಗೋಡೆಗೆ ಇಟ್ಟಳು. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ.

ಅಷ್ಟೊತ್ತಿಗೆ ಅವ್ವ ನೂರಾ ಒಂದು ಲಡ್ಡು ಕಟ್ಟಿ ಸ್ಟೀಲಿನ ಡಬ್ಬಿಯಲ್ಲಿ ತುಂಬಿ ಇಟ್ಟಾಗಿತ್ತು. ಈ ಭಾನುವಾರ ದಯವಿಟ್ಟು ಎದ್ದು ನಿಲ್ಲಬೇಡ, ತಲೆನೋವೆಂದು ಮನೆಯಲ್ಲಿರು ಎಂದು ನಾನು ಕೈ ಮುಗಿದು ಕೇಳಿಕೊಂಡೆ. ಅವಳು ಎಲ್ಲರಿಗಿಂತ ಮೊದಲು ತಯಾರಾಗಿ ಡಬ್ಬಿ ನನ್ನ ಕೈಗೆ ಕೊಟ್ಟಳು. ಸಾಕ್ಷಿಯ ಸಮಯಕ್ಕೆ ಎದ್ದು ಸೆರಗು ಎಳೆದುಕೊಂಡಳು.

"ಹೋದ ಐತವಾರ ನಾ ಸ್ತೋತ್ರ ಹೇಳಿದ್ದು ಖರೆ ಅದರಿ. ಬದ್ಲಿ ಆಗಿಲ್ಲ, ಅದೂ ಖರೆ ಅದ. ಆದ್ರ ನಾ ಸ್ತೋತ್ರ ಹೇಳಿದ್ದು ದೇವರಿಗಿ, ಇಲಾಖಾಕ್ಕಲ್ಲ. ಎಲ್ಲಾರೂ ಲಡ್ಡು ತಿಂದೇ ಹೋಗ್ರಿ."

ಸಭಾಪಾಲಕರು ಕರವಸ್ತ್ರ ಬಾಯಿಗೆ ಹಿಡಿದು ಕೆಮ್ಮಿದರು. ಆ ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ಲಡ್ಡು ಮಾತ್ರ ಎಲ್ಲರೂ ತಿಂದರು, ಕೆಲವರು ಎರಡೆರಡು.

ಚರ್ಚಿನಲ್ಲಿ ತಲೆ ಎತ್ತಿ ನಿಂತವಳು ಮನೆಗೆ ಬಂದು ಆ ಶಾಲಿನ ಮುಂದೆ ಸೋತಳು. ಮಂಚದ ಮೇಲೆ ಮಡಿಸಿಟ್ಟಿದ್ದ ಅದನ್ನು ನೋಡುತ್ತ ಕೂತು, "ಹೋಗ್ತೇನಿ ಅಂತ ತಗೊಂಡ ಶಾಲು, ಉಳಕೊಂಡು ಹ್ಯಾಂಗ ಹೊದ್ಕೋತಿ? ನಾಳಿ ನಾನೇ ಬರ್ತೇನಿ. ತಪ್ಪು ನಂದದ, ವಾಪಸ್ ನಾನೇ ಕೊಡ್ತೇನಿ" ಎಂದಳು. ಅವ್ವ ನನ್ನೆದುರು ತಪ್ಪು ಒಪ್ಪಿಕೊಂಡದ್ದು ನನ್ನ ನೆನಪಿನಲ್ಲಿ ಅದೇ ಮೊದಲು.

ಸೋಮವಾರ ಬಸ್ಸಿನಲ್ಲಿ ಅವಳ ಮಡಿಲಲ್ಲಿ ಶಾಲು, ಫೋಟೋ, ಉಳಿದ ಲಡ್ಡುವಿನ ಡಬ್ಬಿ. ಶಾಲೆಯ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಕೌನ್ಸೆಲಿಂಗಿನ ಸುದ್ದಿ ಊರಿಗೆ ಆಗಲೇ ಮುಟ್ಟಿತ್ತು. ಮೊದಲ ದಿನ ಹೊಸ ಮಕ್ಕಳಿಗೆ ಹೂವು ಕೊಟ್ಟು ಒಳಗೆ ಕರೆದುಕೊಳ್ಳುವುದು ಪದ್ಧತಿ. ಅಧ್ಯಕ್ಷರು ನನ್ನನ್ನೂ ಒಂದನೆಯ ತರಗತಿಯ ಮಕ್ಕಳ ಸಾಲಿನಲ್ಲಿ ನಿಲ್ಲಿಸಿ, "ಈ ವರ್ಷದ ಹೊಸಾ ದಾಖಲಾತಿರಿ ಸರ್ ನೀವು" ಎಂದು ನನಗೂ ಒಂದು ಹೂವು ಕೊಟ್ಟರು. ಅವ್ವ ಶಾಲು ಮುಂದೆ ಹಿಡಿದಾಗ ಅದನ್ನು ತೆಗೆದುಕೊಂಡು ಕೊಡವಿ ಮತ್ತೆ ನನಗೇ ಹೊದಿಸಿದರು. "ಅವತ್ತು ಹೋಗಲಿಕ್ಕ, ಇವತ್ತು ಬರಲಿಕ್ಕ. ಶಾಲು ಅದೇ ನಡೀತದ ಅಮ್ಮಾ" ಎಂದರು.

ಅಡುಗೆಯ ಹೆಣ್ಣುಮಗಳು ಮಾತ್ರ ಅಡುಗೆ ಕೋಣೆಯಿಂದ ಹೊರಗೆ ಬರಲಿಲ್ಲ. ಡಬ್ಬಿ ಹಿಡಿದು ಅವ್ವನೇ ಒಳಗೆ ಹೋದಳು, ಹಿಂದೆ ನಾನು. ಅವಳು ಅನ್ನದ ಪಾತ್ರೆಯ ಕಡೆ ಮುಖ ಮಾಡಿ ನಿಂತಿದ್ದಳು.

"ನನ್ನದೇ ತಪ್ಪಾಯ್ತ್ರಿ ಅಮ್ಮಾ. ನಾನೇ ಸರ್‌ಗ ಹೋಗಗೊಡಲಿಲ್ಲ. ಬೇಡಿಕೊಂಡಿದ್ನರಿ" ಎಂದಳು.

"ಯಾವ ದೇವರಿಗಿ ಬೇಡಿಕೊಂಡಿದ್ದಿ ತಂಗಿ?" ಎಂದು ಅವ್ವ ಕೇಳಿದಳು. ದನಿಯಲ್ಲಿ ಪೈಪೋಟಿಯ ವಾಸನೆ ಇತ್ತು. ಎದುರಾಳಿ ಯಾರೆಂದು ತಿಳಿದುಕೊಳ್ಳಬೇಕಿತ್ತು ಅವಳಿಗೆ.

"ನಿಮ್ಮಾಂವಗೇರಿ. ಕೊಡೋಕ್ಕಿಂತ ಮೊದಲ ಫೋಟೋ ಒಂದು ದಿನ ನಮ್ಮನ್ಯಾಗೇ ಇತ್ತು. ನಮ್ಮ ದೇವರಿಗಿ ನಿಮ್ಮ ಬದ್ಲಿ ವಿಚಾರ ಏನು ಗೊತ್ತಿರ್ತದ? ಇಂವ ನಿಮ್ಮಾಂವ ಇದ್ದಾನ, ಮ್ಯಾಲ ಕುರಿ ಕಾಯಾಂವ. ಸರ್ ಹೋದ್ರ ಬ್ಯಾರೆಯವ್ರು ಬರೋತನಕ ಸಾಲಿಗಿ ಕೀಲಿ, ನನ್ನ ಮೊಮ್ಮಗಳು ಕುರಿ ಹಿಂದ ಹೋಗ್ತಾಳ. ಒಂದು ಮರಿ ತಪ್ಪಿಸಿಕೊಂಡ್ರ ಹ್ಯಾಂಗ ಆಗ್ತದ ನಿನಗ ಗೊತ್ತದಲ್ಲಪ್ಪಾ, ಅಂತಂದೆ. ಅಷ್ಟೇರಿ."

ಅವ್ವ ಮೂಲೆಯ ಅಕ್ಕಿ ಚೀಲದ ಮೇಲೆ ಕೂತಳು. ಬೇರೆ ದೇವರ ಎದುರು ಸೋತಿದ್ದರೆ ಅವಳಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಕೊನೆಗೆ, "ನಾ ಮೂರು ವರ್ಷದಿಂದ ದಿನಾ ಕೇಳ್ಲಿಕತ್ತೇನಿ. ಈಕಿ ಒಂದೇ ದಿನ ಕೇಳ್ಯಾಳ" ಎಂದು ನನ್ನ ಕಡೆ ನೋಡಿದಳು. ಆಮೇಲೆ ಎದ್ದು ಫೋಟೋವನ್ನು ಅವಳ ಕೈಗೆ ಕೊಟ್ಟಳು. "ನಿನ್ನತ್ರಾನೇ ಇರಲಿ. ನಿನ್ನ ಮಾತು ಜಲ್ದಿ ಕೇಳ್ತಾನ." ಮೊಮ್ಮಗಳನ್ನು ಕರೆದು ಲಡ್ಡು ಕೊಟ್ಟು, ಎಷ್ಟರವರೆಗೆ ಮಗ್ಗಿ ಬರುತ್ತದೆ ಎಂದು ವಿಚಾರಿಸಿದಳು. ಏಳರವರೆಗೆ ಬರುತ್ತಿತ್ತು. ಎಂಟಕ್ಕೆ ನಾನೇ ಇನ್ನೂ ಕಲಿಸಬೇಕಿತ್ತು.

ಬಸ್ಸಿನಲ್ಲಿ ವಾಪಸ್ ಬರುವಾಗ ಅವ್ವ ಕಿಟಕಿಯಿಂದ ಹೊರಗೆ ನೋಡುತ್ತ ಕೂತಳು. ಹೊಲಗಳು ಬಿತ್ತನೆಗೆ ತಯಾರಾಗಿ ಬಿದ್ದಿದ್ದವು, ಆಕಾಶದಲ್ಲಿ ಒಂದೆರಡು ಮೋಡ. ಮಳೆಗೂ ಈಗಲೇ ಸ್ತೋತ್ರ ಹೇಳಿಬಿಡುತ್ತಾಳೇನೋ ಎಂದು ಅಂಜಿದೆ. ಹೇಳಲಿಲ್ಲ.

ಸಂಜೆ ಊಟಕ್ಕೆ ಮೊದಲು ಮನೆಯ ಪ್ರಾರ್ಥನೆ. ದೇವರೊಂದಿಗೆ ಅವ್ವ ಯಾವಾಗಲೂ ಪುಸ್ತಕದ ಕನ್ನಡ ಮಾತಾಡುತ್ತಾಳೆ. ಅಂದೂ "ಪ್ರೀತಿಯುಳ್ಳ ಪರಲೋಕದ ತಂದೆಯೇ" ಎಂದು ಶುರು ಮಾಡಿ, ನಿಂತುಬಿಟ್ಟಳು. ಆಮೇಲೆ ಅಡುಗೆ ಕೋಣೆಯಲ್ಲಿ ಆ ಹೆಣ್ಣುಮಗಳ ಜೊತೆ ಮಾತಾಡಿದ ಹಾಗೆಯೇ ಮಾತಾಡಿದಳು.

"ಮೊದಲ ಆ ಊರಿಗಿ ಇನ್ನೊಬ್ಬ ಛಲೋ ಮಾಸ್ತರನ್ನ ಕಳಸು. ಆ ಹುಡುಗಿ ಸಾಲಿ ಬಿಡಬಾರ್ದು. ಆಮ್ಯಾಲ ನನ್ನ ಮಗನ್ನ ಭಾಲ್ಕಿಗಿ ಕಳಸು. ಅಲ್ಲೀತನಕ ಸಂಜಿ ರೈಲಿನಾಗ ನನ್ನ ಸೊಸಿಗಿ ಕೂಡ್ಲಿಕ್ಕ ಜಾಗಾ ಕೊಡು. ಆಕಿ ಕಾಲು ನನಗ ನೋಡ್ಲಿಕ್ಕಾಗವಲ್ದು."

ಮೊದಲು ಆಮೆನ್ ಎಂದದ್ದು ನನ್ನ ಹೆಂಡತಿ. ಮೂರು ವರ್ಷದ ವರ್ಗಾವಣೆಯ ಪ್ರಾರ್ಥನೆಗಳಲ್ಲಿ ನನ್ನ ಆಮೆನ್ ಪೂರ್ತಿಯಾಗಿ ಬಾಯಿಂದ ಹೊರಬಂದದ್ದು ಅಂದೇ. ಕಣ್ಣು ಒರೆಸಿಕೊಂಡದ್ದನ್ನು ಮರೆಸಲು ಚೇಷ್ಟೆ ಮಾಡಿದೆ: "ಹಂಗಾದ್ರ ಈ ಐತವಾರ ಸೀಟಿಂದು ಸಾಕ್ಷಿ ಹೇಳೋಳೇ ಇದ್ದಿ?"

"ತಡಿ. ಇದು ನೋಡೇ ಹೇಳ್ತೇನಿ" ಎಂದಳು ಅವ್ವ. ಹುಟ್ಟಿದಾಗಿನಿಂದ ಅವಳು ಕಾದು ನೋಡುತ್ತೇನೆ ಎಂದದ್ದನ್ನು ನಾನು ಕೇಳಿರಲಿಲ್ಲ.

ಮರುದಿನ ಸಂಜೆ ನಾನು ಮನೆ ಮುಟ್ಟಿದಾಗ ಅವ್ವ ಬಾಗಿಲಲ್ಲಿ ನಿಂತಿದ್ದಳು, ನನಗಾಗಿ ಅಲ್ಲ. ಸ್ವಲ್ಪ ಹೊತ್ತಿಗೆ ಹೆಂಡತಿ ಓಣಿಯ ತಿರುವಿನಲ್ಲಿ ಕಂಡಳು. ಅವ್ವ ಅವಳ ಮುಖ ನೋಡುವ ಮೊದಲು ಕಾಲು ನೋಡಿದಳು. "ಸಿಕ್ತೇನು?" ಎಂದು ಕೇಳಿದಳು.

"ಅರ್ಧಾ ದಾರಿ ಸಿಕ್ತ್ರಿ ಅತ್ತಿ" ಎಂದಳು ಹೆಂಡತಿ ಚಪ್ಪಲಿ ಬಿಡುತ್ತ.

ಅವ್ವ ಒಳಗೆ ಹೋಗಿ ಡಬ್ಬಿಯಲ್ಲಿ ಉಳಿದಿದ್ದ ಕೊನೆಯ ಲಡ್ಡು ತಂದಳು. ಅದನ್ನು ಮುರಿದು ಅರ್ಧ ಸೊಸೆಯ ಕೈಗೆ ಕೊಟ್ಟು, ಉಳಿದರ್ಧ ಮತ್ತೆ ಡಬ್ಬಿಯಲ್ಲಿ ಹಾಕಿ ಮುಚ್ಚಳ ಒತ್ತಿದಳು.